ಸಾಮಯಿಕಧರ್ಮವೂ ಕೆರೆಗೊಡಗೆಯೂ

ಕನ್ನಡನಾಡಿನ ಶಾಸನಗಳಲ್ಲಿ ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಗೊಡಗೆ, ದಶವಂದ ಎಂಬ ಶಬ್ದಗಳು ಪದೇಪದೇ ದೊರೆಯುತ್ತವೆಂಬುದು ವಿದ್ವಾಂಸರಿಗೆ ವಿದಿತವಾದ ವಿಷಯವೇ ಸರಿ. ಪಾಠ ಹೇಳುವ ನಮ್ಮಂಥವರು ಇವನ್ನೆಲ್ಲ ‘ದಾನವಿಶೇಷ’ವೆಂದು ಒಂದೇ ಮಾತಿನಲ್ಲಿ ವಿವರಿಸಿ ಮುಂದಕ್ಕೆ ಸಾಗುವುದು ವಾಡಿಕೆ. ನಾನೂ ಇಪ್ಪತ್ತೈದು ವರ್ಷಕಾಲ ಹಾಗೆಯೇ ಮಾಡಿದೆನು. ಆ ವ್ಯಾಖ್ಯಾನವು ತಪ್ಪಲ್ಲ, ಆದರೆ ಅಪೂರ್ಣ. ಈ ಶಬ್ದಗಳು ದಾತೃವಿನ ಪುಣ್ಯವನ್ನು ಮಾತ್ರ ಹೇಳತಕ್ಕವಲ್ಲ. ಊರಿನವರು ತಮ್ಮ ಬೆಳೆಯಲ್ಲಿ ಒಂದು ಭಾಗವನ್ನು ತಾವೇ ಕಟ್ಟಿಟ್ಟು, ತಮ್ಮ ನೀರು ನೆಲಗಳು ಅನ್ಯವಿನಿಯೋಗಕ್ಕೆ ಹೋಗದಂತೆ ಕಾಯ್ದುಕೊಂಡ ಒಂದು ವ್ಯವಸ್ಥೆಯನ್ನು ಹೇಳತಕ್ಕವು. ಇದಕ್ಕೆ ನಮ್ಮ ಧರ್ಮಶಾಸ್ತ್ರದಲ್ಲಿ ಬೇರೊಂದು ಹೆಸರೇ ಉಂಟು. ಆ ಹೆಸರನ್ನು ವಿವರಿಸಿದಾತನು ಕನ್ನಡನಾಡಿನಲ್ಲಿಯೇ ಕುಳಿತು ಬರೆದವನೆಂಬುದನ್ನು ವಾಚಕರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದಗಳನ್ನು ನೋಡೋಣ. ಕೆರೆ, ಕೊಡಗೆ ಎಂಬೆರಡು ಪದಗಳು ಸೇರಿ ಆದೇಶಸಂಧಿಯಿಂದ ‘ಕೆರೆಗೊಡಗೆ’ಯಾಯಿತು. ಕೆರೆಯನ್ನು ಕಟ್ಟಿಸಿದವನಿಗೆ, ಅಥವಾ ಒಡೆದುದನ್ನು ದುರಸ್ತು ಮಾಡಿಸಿದವನಿಗೆ, ಬಿಟ್ಟುಕೊಟ್ಟ ಭೂಮಿಯೆಂದು ತಾತ್ಪರ್ಯ. ಕಟ್ಟುಗೊಡಗೆಯೂ ಇದೇ ಬಗೆಯದು. ಯುದ್ಧದಲ್ಲಿ ಮಡಿದವನ ಮನೆಯವರಿಗೆ ಕೊಟ್ಟ ನೆಲಕ್ಕೆ ‘ನೆತ್ತರುಗೊಡಗೆ’ ಎಂದು ಹೆಸರಿರುವುದನ್ನು ಇಲ್ಲಿ ನೆನೆಯಬೇಕು. ಊರನ್ನು ಕಾಯಲು ನೆತ್ತರನ್ನು ಸುರಿಸಿದವನಿಗೂ ಊರಿನ ನೀರನ್ನು ನಿಲ್ಲಿಸಿದವನಿಗೂ ಭಾಷೆಯು ಒಂದೇ ಪದದಿಂದ ಋಣವನ್ನು ತೀರಿಸಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ದಶವಂದವೆಂದರೆ ಹತ್ತರಲ್ಲೊಂದು ಪಾಲು. ಇದೇ ಪದವು ‘ದಶಬಂಧ’ವೆಂಬ ರೂಪದಲ್ಲಿ ರಾಯಲಸೀಮೆಯ ಇನಾಮು ದಫ್ತರಗಳವರೆಗೂ ಉಳಿದುಬಂದಿತು. ಬಿತ್ತುವಟ್ಟವೆಂಬುದರಲ್ಲಿ ಪೂರ್ವಪದಕ್ಕೆ ಬೀಜವೆಂದರ್ಥ. ಉತ್ತರಪದವು ‘ಪಟ್ಟ’ದ ಆದೇಶರೂಪವೆಂದು ನನ್ನ ಅಭಿಪ್ರಾಯ. ಒಟ್ಟಿನಲ್ಲಿ, ಕೆರೆಯ ನೀರಿನಿಂದ ಬೆಳೆದ ಗದ್ದೆಯ ಫಲದಲ್ಲಿ ಆ ಕೆರೆಯ ಸಲುವಾಗಿಯೇ ತೆಗೆದಿಟ್ಟ ಪಾಲು ಬಿತ್ತುವಟ್ಟ.

ಬೆಂಗಳೂರಿನ ಆಗ್ನೇಯ ಭಾಗದಲ್ಲಿರುವ ಅಗರದಲ್ಲಿ ಕ್ರಿ. ಶ. ೯ನೆಯ ಶತಮಾನದ ಒಂದು ಶಾಸನವುಂಟು. ಗಂಗರ ಕಾಲ, ಆ ಪ್ರಾಂತವು ನಾಗತ್ತರನ ಕೈಕೆಳಗಿತ್ತು. ಇರುಗಮಯ್ಯನ ಮಗನಾದ ಸಿರಿಮಯ್ಯನೆಂಬಾತನು ಎರಡು ಕೆರೆಗಳಿಗೆ ತೂಬನ್ನಿಡಿಸಿ, ಮತ್ತೊಂದು ಕೆರೆಯನ್ನು ಕಟ್ಟಿಸಿ, ಆ ಮೂರು ಕೆರೆಗಳ ಬಿತ್ತುವಟ್ಟವನ್ನು ಪಡೆದನೆಂದು ಅದರ ಸಾರಾಂಶ. ಇದನ್ನು ಬಹುಮಾನವೆಂದು ಕರೆಯುವುದು ಸುಲಭ. ಆದರೆ ಬಹುಮಾನಕ್ಕೂ ಬಿತ್ತುವಟ್ಟಕ್ಕೂ ಒಂದು ಭೇದವುಂಟು. ಹೊನ್ನನ್ನು ಕೊಟ್ಟಿದ್ದರೆ ಸಿರಿಮಯ್ಯನು ಅದನ್ನು ಕಟ್ಟಿಕೊಂಡು ಹೋಗಬಹುದಾಗಿತ್ತು. ಬಿತ್ತುವಟ್ಟವು ಕೆರೆಯಲ್ಲಿ ನೀರು ನಿಂತಿದ್ದರೆ ಮಾತ್ರ ಬರತಕ್ಕದ್ದು. ಏರಿ ಬಿರಿದರೆ, ತೂಬು ಮುಚ್ಚಿದರೆ, ಪಾಲೂ ಇಲ್ಲ. ಹೀಗೆ ಕೊಡುವವರು ಪಡೆಯುವವನನ್ನು ಆ ನೀರಿಗೆ ಕಟ್ಟಿಹಾಕಿದರು. ಇದು ವೇತನವೂ ಹೌದು, ನಿಬಂಧನೆಯೂ ಹೌದು.

ಕೆರೆಯ ಹೂಳನ್ನೆತ್ತಲು ಬಂಡಿಗಳನ್ನೂ ಕೋಣಗಳನ್ನೂ ಇರಿಸಿ, ಅವುಗಳ ಮೇವಿಗೂ ಬಂಡಿಯವನ ಜೀವನಕ್ಕೂ ಗದ್ದೆಯನ್ನು ಬಿಟ್ಟ ದತ್ತಿಗಳು ಅನೇಕವಿರುವುವು. ಇವುಗಳಲ್ಲಿ ಅರಸನ ಹೆಸರು ಕಾಲವನ್ನು ಸೂಚಿಸಲು ಮೊದಲಿಗೆ ಬರುತ್ತದೆ. ಕೆಲಸವನ್ನು ಗೊತ್ತುಮಾಡಿದವರು ಮಹಾಜನರು, ಗಾವುಂಡರು, ಒಕ್ಕಲು. ಪೀಠಿಕೆಯ ಪ್ರಶಸ್ತಿಯನ್ನು ಓದಿ ಮುಗಿಸುವಷ್ಟರಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಆಯಾಸವಾಗಿರುತ್ತದೆ, ನಮಗೂ ಆಗಿರುತ್ತದೆ. ಆದುದರಿಂದಲೇ ಕೊನೆಯ ನಾಲ್ಕು ಪಂಕ್ತಿಗಳ ಲೆಕ್ಕಾಚಾರವು ಪಾಠದಿಂದ ತಪ್ಪಿಹೋಗುತ್ತದೆ.

ಇನ್ನು ಶಾಸ್ತ್ರದ ಮಾತು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಂವಿದ್‌ವ್ಯತಿಕ್ರಮವೆಂಬ ಒಂದು ಪ್ರಕರಣವುಂಟು. ಜನಸಮೂಹವು ತನ್ನೊಳಗೆ ಮಾಡಿಕೊಂಡ ಒಪ್ಪಂದವನ್ನು ಮೀರಿದವನ ವಿಚಾರವನ್ನು ಅದು ಹೇಳುತ್ತದೆ. ವರ್ಣಾಶ್ರಮಧರ್ಮಕ್ಕೆ ವಿರೋಧವಲ್ಲದ ‘ಸಾಮಯಿಕ’ಧರ್ಮವನ್ನೂ ಯತ್ನದಿಂದ ಪಾಲಿಸತಕ್ಕದ್ದೆಂದು ಸ್ಮೃತಿಕಾರನ ವಿಧಿ. ಸಾಮಯಿಕವೆಂದರೆ ಸಮಯದಿಂದ, ಅಂದರೆ ಪರಸ್ಪರ ಒಡಂಬಡಿಕೆಯಿಂದ, ಹುಟ್ಟಿದುದು. ಅದು ಎಂಥದು ಎಂಬುದಕ್ಕೆ ಮೂಲದಲ್ಲಿ ಉದಾಹರಣೆಯಿಲ್ಲ. ಉದಾಹರಣೆಯನ್ನು ಕೊಟ್ಟವನು ಮಿತಾಕ್ಷರಾಕಾರನಾದ ವಿಜ್ಞಾನೇಶ್ವರ. ಆತನು ಕೊಟ್ಟುದು ಮೂರು: ಗೋಪ್ರಚಾರ, ಉದಕರಕ್ಷಣೆ, ದೇವಗೃಹಪಾಲನೆ. ದನಗಳು ಮೇಯುವ ನೆಲ, ನೀರಿನ ಕಾಪು, ದೇಗುಲದ ಪೋಷಣೆ!

ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. ೧೦೭೬–೧೧೨೬) ಕಾಲದಲ್ಲಿ ಕಲ್ಯಾಣಪುರದಲ್ಲಿದ್ದವನು. ಆತನ ಸುತ್ತಣ ನಾಡಿನಲ್ಲಿ ಒಂದೊಂದು ಏರಿಯ ಮೇಲೂ ಬಿತ್ತುವಟ್ಟದ ಕಲ್ಲುಗಳು ನಿಲ್ಲುತ್ತಿದ್ದ ಕಾಲವದು. ಒಪ್ಪಂದವೆಂದರೆ ವ್ಯಾಪಾರಿಗಳ ಶ್ರೇಣಿಯನ್ನೋ ಪಾಷಂಡಿಗಳ ಸಂಘವನ್ನೋ ಎತ್ತಿಕೊಳ್ಳಬಹುದಾಗಿದ್ದ ಆ ಪ್ರಕರಣದಲ್ಲಿ ಈತನಿಗೆ ಗೋಮಾಳವೂ ಕೆರೆಯೂ ಮೊದಲು ನೆನಪಾದುದು ಏಕೆ? ತಾನು ಕಂಡುದನ್ನೇ ಬರೆದನೆಂದು ಊಹಿಸುವುದರಲ್ಲಿ ದೋಷವಿಲ್ಲ. ವ್ಯಾಖ್ಯಾನಕಾರರು ಹಿಂದಿನ ಗ್ರಂಥಗಳಿಂದಲೂ ಉದಾಹರಣೆಗಳನ್ನು ಎತ್ತಿಕೊಳ್ಳುವುದುಂಟಾದುದರಿಂದ ಈ ಊಹೆಯನ್ನು ನಿರ್ಣಯವೆಂದು ನಾನು ಹೇಳಲಾರೆ. ನಿಬಂಧಗ್ರಂಥಗಳಲ್ಲಿ ಉದ್ಧೃತವಾಗಿ ಉಳಿದಿರುವ ಬೃಹಸ್ಪತಿಯೂ ಸಭಾಮಂಟಪ, ಅರವಟ್ಟಿಗೆ, ದೇಗುಲ, ಕೆರೆ, ತೋಪುಗಳ ಜೀರ್ಣೋದ್ಧಾರವನ್ನು ಊರವರು ಬರೆಹಮೂಲಕ ಒಪ್ಪಿಕೊಳ್ಳುವ ಕಾರ್ಯಗಳಲ್ಲಿ ಎಣಿಸಿರುವನು.

ಪ್ರಕರಣದ ಮುಂದಿನ ಭಾಗವು ನಮಗೆ ಇನ್ನೂ ಮುಖ್ಯವಾದುದು. ಸಮೂಹದ ಹಣಕ್ಕೆ ಅಲ್ಲಿ ‘ಗಣದ್ರವ್ಯ’ವೆಂದು ಹೆಸರು. ಅದನ್ನು ಅಪಹರಿಸಿದವನಿಗೂ ಒಪ್ಪಂದವನ್ನು ಮೀರಿದವನಿಗೂ ಸರ್ವಸ್ವಹರಣ, ಆಮೇಲೆ ದೇಶಾಂತರ. ಸಮೂಹದ ಕೆಲಸಕ್ಕೆಂದು ಕಳುಹಿಸಲ್ಪಟ್ಟವನು ತನಗೆ ಅಲ್ಲಿ ದೊರೆತುದನ್ನು ತಾನಾಗಿಯೇ ತಂದೊಪ್ಪಿಸಬೇಕು; ಒಪ್ಪಿಸದಿದ್ದರೆ ಅದರ ಹನ್ನೊಂದರಷ್ಟನ್ನು ಕೊಡಿಸತಕ್ಕದ್ದು. ಊರಿನ ವಂತಿಗೆಯ ಗಂಟನ್ನು ಹೊತ್ತವನ ಕೈ ಎಂಥದೆಂಬುದು ಸ್ಮೃತಿಕಾರನಿಗೆ ಚೆನ್ನಾಗಿ ತಿಳಿದಿತ್ತೆಂದು ಕಾಣುತ್ತದೆ.

ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳಿಂದ ೧೯೦೯ರಲ್ಲಿ ಮುದ್ರಣಗೊಂಡ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದೇ ವಿಷಯವು ಮತ್ತೂ ಕಟುವಾಗಿ ಬಂದಿದೆ. ಹಲವರು ಕೂಡಿ ಕಟ್ಟೆಯನ್ನು ಕಟ್ಟುವಾಗ ಹಿಂಜರಿದವನು ತನ್ನ ಬದಲು ಆಳುಗಳನ್ನೂ ಎತ್ತುಗಳನ್ನೂ ಕಳುಹಿಸಬೇಕು. ವೆಚ್ಚದಲ್ಲಿ ಪಾಲುಂಟು, ಫಲದಲ್ಲಿ ಇಲ್ಲ. ಹೊಸ ಕೆರೆಗೆ ಐದು ವರ್ಷ, ಜೀರ್ಣವಾದುದನ್ನು ಎತ್ತಿದರೆ ನಾಲ್ಕು ವರ್ಷ ಕರವಿಲ್ಲ. ಹಿಂದಿನಿಂದ ನಡೆದುಬಂದ ಧರ್ಮಸೇತುವನ್ನು ಒತ್ತೆಯಿಟ್ಟವನಿಗೂ ಮಾರಿದವನಿಗೂ, ಹಾಗೆ ಮಾಡಿಸಿದವನಿಗೂ, ಮಧ್ಯಮಸಾಹಸದಂಡ. ಆ ವ್ಯವಹಾರಕ್ಕೆ ಸಾಕ್ಷಿಯಾದವರಿಗೆ ಉತ್ತಮಸಾಹಸದಂಡ. ಮಾರಿದವನಿಗಿಂತ ಸಾಕ್ಷಿ ಹಾಕಿದವನಿಗೆ ಹೆಚ್ಚಿನ ದಂಡವೆಂಬುದನ್ನು ಓದಿದಾಗಲೆಲ್ಲ ನನಗೆ ಕೌಟಿಲ್ಯನಲ್ಲಿ ಗೌರವವು ಇಮ್ಮಡಿಯಾಗುತ್ತದೆ. ಇದಕ್ಕೊಂದು ಅಪವಾದವನ್ನೂ ಆತನು ಹೇಳಿರುವನು: ಒಡೆದು ಬಿಟ್ಟುಹೋದುದಾದರೆ ಈ ನಿಷೇಧವಿಲ್ಲ. ಇಂದು ಕೆರೆಯನ್ನು ‘ಸತ್ತ ಕೆರೆ’ಯೆಂದು ಬರೆದು ನಿವೇಶನ ಮಾಡುವವರಿಗೆ ಇದು ಹಿತವಾದ ಮಾತೆಂದು ತೋರಬಹುದು. ಆದರೆ ಮುಂದಿನ ಸೂತ್ರವನ್ನೂ ಓದಬೇಕು. ಒಡೆಯನಿಲ್ಲದೆ ಹೋದರೆ ಗ್ರಾಮದವರಾಗಲಿ ಪುಣ್ಯಶೀಲರಾಗಲಿ ಅದನ್ನು ಸರಿಪಡಿಸತಕ್ಕದ್ದೆಂದು ಅಲ್ಲಿದೆ. ಅಂದಮೇಲೆ ಒಡೆದ ಕೆರೆಯು ಕೈಬದಲಾಗಬಹುದೇ ಹೊರತು ಕೆರೆಯಲ್ಲದೆ ಬೇರೊಂದಾಗಬಹುದೆಂದು ಅರ್ಥವಾಗುವುದಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಕೆರೆಯನ್ನು ಕಟ್ಟುವುದೇ ನೆಲವನ್ನು ಮಾರ್ಪಡಿಸುವ ಕೆಲಸವಲ್ಲವೆ? ಕಾಡನ್ನು ಕಡಿದು ಗದ್ದೆಯನ್ನು ಹೆಚ್ಚಿಸಿದವರನ್ನು ನೆಲದ ರಕ್ಷಕರೆನ್ನುವುದು ಹೇಗೆ? ಈ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಆ ಕಾಲದಲ್ಲಿ ನೆಲವು ಹೇರಳ, ಜನವು ವಿರಳ. ಬಯಲನ್ನು ಬಯಲಾಗಿಯೇ ಉಳಿಸಬೇಕೆಂಬ ಚಿಂತೆಯು ಕೆರೆಗೊಡಗೆಯ ಶಾಸನಗಳಲ್ಲಿಲ್ಲ. ಅಲ್ಲಿರುವುದು, ಒಮ್ಮೆ ಸರ್ವರ ಉಪಯೋಗಕ್ಕೆಂದು ನಿಶ್ಚಯಿಸಿದುದು ಒಬ್ಬನ ಉಪಯೋಗಕ್ಕೆ ತಿರುಗಬಾರದೆಂಬ ಚಿಂತೆ. ಬಯಲಿನ ಚಿಂತೆಯನ್ನು ನೋಡಬೇಕಾದರೆ ಗೋಪ್ರಚಾರದ ವಿಧಿಗೆ ಹೋಗಬೇಕು. ಯಾಜ್ಞವಲ್ಕ್ಯನ ಮತದಲ್ಲಿ ಊರಿಗೂ ಹೊಲಕ್ಕೂ ನಡುವೆ ಸುತ್ತಲೂ ೧೦೦ ಧನುಸ್ಸು ನೆಲವನ್ನು ಬಿತ್ತದೆ ಬಿಡಬೇಕು. ಕರ್ವಟಕ್ಕೆ ೨೦೦, ನಗರಕ್ಕೆ ೪೦೦. ಧನುಸ್ಸೆಂದರೆ ನಾಲ್ಕು ಮೊಳ. ಆದುದರಿಂದ ಹಳ್ಳಿಗೆ ಸುಮಾರು ೬೦೦ ಅಡಿ, ನಗರಕ್ಕೆ ೨೪೦೦ ಅಡಿ. ಮನುವೂ ಹಳ್ಳಿಗೆ ೧೦೦ ಧನುಸ್ಸನ್ನು ಹೇಳಿ ನಗರಕ್ಕೆ ಅದರ ಮೂರರಷ್ಟೆಂದಿರುವನು. ನಿವಾಸವು ದೊಡ್ಡದಾದಂತೆ ಅದರ ಸುತ್ತಣ ಬರಿಯ ನೆಲವೂ ದೊಡ್ಡದಾಗಬೇಕೆಂಬುದು ಇಬ್ಬರಿಗೂ ಸಮ್ಮತ. ನಗರವು ಬೆಳೆದಂತೆ ಬರಿಯ ನೆಲವು ಕರಗುವುದನ್ನು ಸ್ವಾಭಾವಿಕವೆಂದು ಎಣಿಸುವ ನಮ್ಮ ಕಾಲದವರಿಗೆ ಇದು ವಿಪರೀತವಾಗಿ ಕಾಣಬಹುದು.

ಅರಸನ ಭಂಡಾರದಿಂದಲೇ ನಡೆದ ಕೆರೆಗಳೂ ಇದ್ದುವು. ಕ್ರಿ. ಶ. ೧೫೦ರ ಜುನಾಗಢದ ಶಾಸನದಲ್ಲಿ ಮಹಾಕ್ಷತ್ರಪ ರುದ್ರದಾಮನು, ಪ್ರಜೆಗಳನ್ನು ಕರದಿಂದಲೂ ವಿಷ್ಟಿಯಿಂದಲೂ ಪೀಡಿಸದೆ, ತನ್ನ ಬೊಕ್ಕಸದ ಹಣದಿಂದ ಸುದರ್ಶನ ತಟಾಕವನ್ನು ಕಟ್ಟಿಸಿದೆನೆಂದು ಹೇಳಿಕೊಂಡಿರುವನು. ಶ್ಲಾಘ್ಯವೇ ಸರಿ. ಅದೇ ಬಂಡೆಯ ಮೇಲಿನ ಸ್ಕಂದಗುಪ್ತನ ಕಾಲದ ಶಾಸನವು ಮುನ್ನೂರು ವರ್ಷಗಳ ಮೇಲೆ ಅದು ಮತ್ತೆ ಒಡೆದುದನ್ನೂ, ಚಕ್ರಪಾಲಿತನು ಮತ್ತೆ ಕಟ್ಟಿಸಿದುದನ್ನೂ ಹೇಳುತ್ತದೆ. ಇಂದು ಆ ತಟಾಕವಿಲ್ಲ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕ್ರಿ. ಶ. ೧೩೬೯ರಲ್ಲಿ, ಈಗಿನ ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಅನಂತರಾಜಸಾಗರವನ್ನು ಕಟ್ಟಿಸಿದಾಗ ಬರೆಯಿಸಿದ ಸಂಸ್ಕೃತಶಾಸನವು ಇನ್ನೂ ರಸವತ್ತಾದುದು. ೧೦೦೦ ಮಂದಿ ಆಳುಗಳು, ೧೦೦ ಬಂಡಿಗಳು, ಎರಡು ವರ್ಷದ ಕೆಲಸ. ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಆಗಬಾರದ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಏರಿಯು ಒಸರುವುದು, ನೆಲವು ಚೌಳಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಣ್ಣೆಯಿರುವುದು, ನೀರು ಕಿರಿದಾಗಿ ಗದ್ದೆ ಹಿರಿದಾಗಿರುವುದು, ಗದ್ದೆ ಕಿರಿದಾಗಿ ನೀರು ಹಿರಿದಾಗಿರುವುದು. ಕೊನೆಯ ಎರಡನ್ನು ನೋಡಿ: ನೀರಿಗೂ ಅದರ ಫಲವನ್ನುಣ್ಣುವ ನೆಲಕ್ಕೂ ಪ್ರಮಾಣವಿರಬೇಕೆಂಬುದು ಅದರ ಅಭಿಪ್ರಾಯ. ಆ ಪ್ರಮಾಣವಿದ್ದರೆ ತಾನೆ ಬಿತ್ತುವಟ್ಟದ ಲೆಕ್ಕವು ಸರಿಹೊಂದುವುದು?

ಈ ವ್ಯವಸ್ಥೆಯನ್ನು ಹೊಗಳುತ್ತ ಅದರ ಕೊರತೆಯನ್ನು ಮುಚ್ಚಿಡುವುದು ಚರಿತ್ರೆಯಲ್ಲ. ಒಪ್ಪಂದಕ್ಕೆ ಹೆಸರು ಹಾಕಿದವರು ನೆಲವುಳ್ಳವರು. ಮಣ್ಣು ಹೊತ್ತ ಒಡ್ಡರ ಹೆಸರಾಗಲಿ, ರಾತ್ರಿ ಮಳೆಯಲ್ಲಿ ಕೋಡಿಯನ್ನು ಕಾದ ನೀರುಗಂಟಿಯ ಹೆಸರಾಗಲಿ ಕಲ್ಲಿನಲ್ಲಿ ಅಪೂರ್ವ. ‘ಕೆರೆಗೆ ಹಾರ’ದ ಲಾವಣಿಯಲ್ಲಿ ನೀರಿಗೆ ಬೆಲೆ ತೆತ್ತವಳು ಮನೆಯ ಸೊಸೆ. ನಿಬಂಧನೆಯ ಭಾರವು ಯಾರ ಮೇಲೆ ಬಿದ್ದಿತೆಂಬುದನ್ನು ಹೇಳಲು ಜನಪದರು ಶಾಸನಕವಿಗಳಿಗಿಂತ ಹೆಚ್ಚು ಧೈರ್ಯ ತೋರಿದರು.

ನೀರುಗಂಟಿಯ ಪ್ರಸ್ತಾಪ ಬಂದುದರಿಂದ ಈ ವ್ಯವಸ್ಥೆಯು ಹೇಗೆ ಸಡಿಲಿತೆಂಬುದನ್ನು ಸಂಗ್ರಹವಾಗಿ ಹೇಳಿಬಿಡುವೆನು. ೧೮೬೬ರಲ್ಲಿ ಮೈಸೂರು ಸೀಮೆಯ ಮುಖ್ಯ ಇಂಜಿನಿಯರಾಗಿದ್ದ ಮೇಜರ್ ಸ್ಯಾಂಕಿಯು, ಈ ಸೀಮೆಯ ನೆಲದಲ್ಲಿ ನೂರಕ್ಕೆ ಸುಮಾರು ಅರುವತ್ತು ಪಾಲು ಕೆರೆಗಳ ಸರಣಿಗೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ತಕ್ಕ ಸ್ಥಳವನ್ನು ಹುಡುಕುವುದೇ ಕಷ್ಟವೆಂದೂ ವರದಿ ಮಾಡಿದನು. ಅಂದಿಗೂ ಕಟ್ಟುಗೊಡಗೆಯು ‘ಕಟ್ಟುಕೊಡಗಿ’ ಇನಾಮೆಂಬ ಹೆಸರಿನಿಂದ ಕಂದಾಯದ ಲೆಕ್ಕದಲ್ಲಿ ಉಳಿದಿತ್ತು. ೧೯೧೧ರಲ್ಲಿ ಮೈಸೂರು ಸರ್ಕಾರವು ಕೆರೆ ಪಂಚಾಯತಿಗಳ ರೆಗ್ಯುಲೇಷನ್ನನ್ನು ಹೊರಡಿಸಿ, ಊರವರ ಕೈಗೆ ಕೆಲಸವನ್ನು ಮತ್ತೆ ಕೊಡಲು ಯತ್ನಿಸಿತು. ಸ್ವಾತಂತ್ರ್ಯಾನಂತರ ೧೯೫೪–೫೫ರಲ್ಲಿ ಇನಾಮು ರದ್ದಿಯ ಕಾನೂನುಗಳೂ, ೧೯೬೧ರಲ್ಲಿ ಗ್ರಾಮದ ಹುದ್ದೆಗಳ ರದ್ದಿಯ ಕಾನೂನೂ ಬಂದುವು. ತೋಟಿ, ತಳವಾರ, ನೀರುಗಂಟಿಗಳನ್ನು ಹುಟ್ಟಿನಿಂದಲೇ ಚಾಕರಿಗೆ ಕಟ್ಟಿಹಾಕಿದ್ದ ಪದ್ಧತಿಯು ಹೋದುದು ನ್ಯಾಯವೇ; ಅದಕ್ಕಾಗಿ ಕಣ್ಣೀರಿಡುವವರೊಡನೆ ನಾನು ಸೇರಲಾರೆ. ಆದರೆ ಕಣದಲ್ಲಿ ಅಳೆದಿಡುತ್ತಿದ್ದ ಕೆರೆಯ ಆಯವೂ ಅದರೊಡನೆ ಹೋಯಿತು. ಚಾಕರಿಯನ್ನು ತೆಗೆದರು, ನಿಧಿಯನ್ನು ಬೇರೆ ರೂಪದಲ್ಲಿ ಇಡಲಿಲ್ಲ.

ಗೋಮಾಳದ ಕಥೆಯು ಇನ್ನೂ ಸೂಕ್ಷ್ಮವಾದುದು. ೧೯೬೬ರ ಭೂಕಂದಾಯ ನಿಯಮಗಳಲ್ಲಿ ೧೦೦ ದನಗಳಿಗೆ ೩೦ ಎಕರೆಯಂತೆ ಮೇವಿನ ನೆಲವನ್ನು ಕಾದಿಡಬೇಕೆಂದಿದೆ. ಸ್ಮೃತಿಯ ಮಾನವು ಊರಿನ ಗಾತ್ರ; ನಿಯಮದ ಮಾನವು ದನದ ಎಣಿಕೆ. ಉಳುವ ಎತ್ತು ಕಡಿಮೆಯಾದಂತೆ ಗೋಮಾಳವು ‘ಹೆಚ್ಚುವರಿ’ಯಾಗುತ್ತದೆ, ಹೆಚ್ಚುವರಿಯಾದುದು ಮಂಜೂರಾಗುತ್ತದೆ, ಮೇವಿಲ್ಲದುದರಿಂದ ದನವು ಮತ್ತೂ ಕಡಿಮೆಯಾಗುತ್ತದೆ. ನೈಯಾಯಿಕರು ಇದಕ್ಕೆ ಅನ್ಯೋನ್ಯಾಶ್ರಯವೆಂದು ಹೆಸರಿಟ್ಟು ದೋಷಗಳಲ್ಲಿ ಎಣಿಸಿರುವರು. ಗ್ರಾಮದ ಸಾಮುದಾಯಿಕ ಭೂಮಿಯನ್ನು ಒತ್ತುವರಿಯಿಂದ ಬಿಡಿಸಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕೆಂದು ಸುಪ್ರೀಂ ಕೋರ್ಟು ೨೦೧೧ರಲ್ಲಿ ಆಜ್ಞೆಯಿತ್ತಿತು. ಬೆಂಗಳೂರಿನ ಧರ್ಮಾಂಬುಧಿ ಕೆರೆಯು ಬಸ್ ನಿಲ್ದಾಣವಾಗಿಯೂ, ಸಂಪಂಗಿ ಕೆರೆಯು ಕಂಠೀರವ ಕ್ರೀಡಾಂಗಣವಾಗಿಯೂ ಅದಕ್ಕೆ ಬಹಳ ಮೊದಲೇ ಮಾರ್ಪಟ್ಟಿದ್ದುವು. ಕೆರೆಗಳ ಸುತ್ತ ೭೫ ಮೀಟರು ನೆಲವನ್ನು ಬಿಡಬೇಕೆಂದು ಹಸಿರು ನ್ಯಾಯಾಧಿಕರಣವು ೨೦೧೬ರಲ್ಲಿ ವಿಧಿಸಿದುದನ್ನು ೨೦೧೯ರಲ್ಲಿ ಸುಪ್ರೀಂ ಕೋರ್ಟು ರದ್ದುಗೊಳಿಸಿತು. ಆ ವ್ಯಾಜ್ಯವು ಹುಟ್ಟಿದುದು, ಸಿರಿಮಯ್ಯನು ಬಿತ್ತುವಟ್ಟವನ್ನು ಪಡೆದ ಅಗರದ ಕೆರೆಯ ಆಸುಪಾಸಿನಲ್ಲಿಯೇ.

ಊರವರೇ ಹಣ ಹಾಕಿ ನೆಲವನ್ನು ಕಾಯುವುದು ಈ ಕಾಲಕ್ಕೆ ಸಲ್ಲದೆಂಬವರು ಅನ್ಯದೇಶವನ್ನು ನೋಡಬಹುದು. ಅಮೆರಿಕದ ಕೊಲೊರಾಡೊ ಪ್ರಾಂತದ ಬೌಲ್ಡರ್ ನಗರದವರು ೧೯೬೭ರಲ್ಲಿ, ಸುತ್ತಣ ಬಯಲನ್ನು ಕೊಂಡು ಉಳಿಸುವುದಕ್ಕಾಗಿ, ಮಾರಾಟದ ಮೇಲೆ ನೂರಕ್ಕೆ ೦.೪ರಂತೆ ತಮ್ಮ ಮೇಲೆ ತಾವೇ ಮತದಾನದಿಂದ ತೆರಿಗೆಯನ್ನು ವಿಧಿಸಿಕೊಂಡರು. ನ್ಯೂಯಾರ್ಕ್ ಪ್ರಾಂತದ ಸಫೋಕ್ ಕೌಂಟಿಯವರು ೧೯೭೪ರಿಂದ ಕೃಷಿಕನ ಭೂಮಿಯನ್ನು ಅವನಲ್ಲಿಯೇ ಬಿಟ್ಟು, ಅದರ ಮೇಲೆ ಮನೆ ಕಟ್ಟುವ ಹಕ್ಕೊಂದನ್ನು ಮಾತ್ರ ಬೇರ್ಪಡಿಸಿ ಕೊಳ್ಳುವ ಯೋಜನೆಗೆ ತೊಡಗಿದರು. ಭೂಸ್ವಾಮ್ಯವನ್ನು ನಿಧಿ, ನಿಕ್ಷೇಪ, ಜಲ ಮುಂತಾಗಿ ಎಂಟು ಭೋಗಗಳನ್ನಾಗಿ ವಿಂಗಡಿಸಿ ದಾನಪತ್ರಗಳಲ್ಲಿ ಬರೆದವರ ವಂಶಸ್ಥರಿಗೆ ಇದು ಅರ್ಥವಾಗದ ಮಾತೇನಲ್ಲ.

ಇನ್ನು ನನ್ನ ಊರಿನ ಒಂದು ಮಾತು. ನಮ್ಮೂರ ಕೆರೆಯ ಏರಿಯ ತುದಿಯಲ್ಲಿ ಕೆರೆಗೊಡಗೆಯ ಒಂದು ಕಲ್ಲುಂಟು. ಅಕ್ಷರಗಳು ಸವೆದಿವೆ, ಗದ್ದೆಯ ಎಲ್ಲೆಗಳೂ, ಕೊನೆಯ ಶಾಪವೂ ಉಳಿದಿವೆ. ದತ್ತಿಯನ್ನಳಿದವನು ಅರುವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನೆಂಬ ಪರಿಚಿತವಾದ ಶಾಪವೇ ಅದು. ಕೆಲವು ವರ್ಷಗಳ ಹಿಂದೆ ಆ ಗದ್ದೆಯಲ್ಲಿ ಬಡಾವಣೆಗೆಂದು ಕಲ್ಲು ನೆಟ್ಟಾಗ ನಾನು ಶಾಸನದ ಪಡಿಯಚ್ಚನ್ನು ಹಿಡಿದುಕೊಂಡು ಒಂದು ಕಛೇರಿಗೆ ಹೋದೆನು. ಅಲ್ಲಿಯ ಗುಮಾಸ್ತರು ಅದನ್ನು ಮರ್ಯಾದೆಯಿಂದಲೇ ನೋಡಿ, “ಸ್ವಾಮಿ, ಇದರಲ್ಲಿ ಸರ್ವೆ ನಂಬರು ಎಲ್ಲಿದೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಶಾಪವನ್ನು ತೋರಿಸುವುದು ಸಭ್ಯತೆಯಲ್ಲವೆಂದು ಹಿಂದಿರುಗಿದೆನು. ಗದ್ದೆಯು ಈಗ ರಸ್ತೆಗಳಾಗಿದೆ.

ಕೆರೆಯು ಮಾತ್ರ ಉಳಿದಿದೆ. ಕಳೆದ ಬೇಸಗೆಯಲ್ಲಿ ಊರಿನ ಯುವಕರು ಎಕರೆಯೊಂದಕ್ಕೆ ಇಷ್ಟೆಂದು ವಂತಿಗೆಯೆತ್ತಿ, ಮುಚ್ಚಿಹೋಗಿದ್ದ ಕಾಲುವೆಯನ್ನು ತೋಡಿಸಿದರು. ವರ್ಷವರ್ಷವೂ ಹೀಗೆಯೇ ಎತ್ತಬೇಕೆಂದು ನಿಶ್ಚಯಿಸಿ, ಒಪ್ಪಂದವನ್ನು ಬರೆದುಕೊಡಬೇಕೆಂದು ನನ್ನಲ್ಲಿಗೆ ಬಂದರು. ನೆಲವಿಲ್ಲದವರಿಗೂ ಮೀನು, ಮೇವುಗಳಲ್ಲಿ ಪಾಲಿರಬೇಕೆಂದು ಒಂದು ಕಲಮನ್ನು ಸೇರಿಸಿದೆನು. ಸ್ವಲ್ಪ ವಾದದ ಮೇಲೆ ಒಪ್ಪಿದರು. ಹಣವನ್ನು ಇಟ್ಟುಕೊಂಡವನು ಲೆಕ್ಕ ಒಪ್ಪಿಸದಿದ್ದರೆ ಹನ್ನೊಂದರಷ್ಟು ತೆರತಕ್ಕದ್ದೆಂದು ಯಾಜ್ಞವಲ್ಕ್ಯನ ವಿಧಿಯನ್ನೂ ಬರೆದೆನು. ಖಜಾಂಚಿಯಾಗಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಎರಡರಷ್ಟೆಂದು ತಿದ್ದಿ, ಎಲ್ಲರೂ ರುಜು ಹಾಕಿದರು.